ಕೊಟ್ಟ ಕಾಯಿಯ ಹಿಂದಿನ ಕುದುರೆ

“ನರ್ಸಮ್ಮ ಏನಾದ್ರೂ ಕೊಟ್ರೆ ನೋಡ್ಕೊಂಡು ತಗೊಳ್ಳಿ ಮಾರಾಯ್ರೇ, ಹಿಂದೆ ಕುದುರೆ ಇರ್ತದೆ!”

ಮಲ್ಲಂದೂರಿನಲ್ಲಿ ವಿಮಲಮ್ಮನ ಹೆಸರು ಬಂದಾಗಲೆಲ್ಲ ಈ ಮಾತೂ ಬರುತ್ತಿತ್ತು. ಹೇಳಿದವರೂ ನಗುತ್ತಿದ್ದರು, ಕೇಳಿದವರೂ ನಗುತ್ತಿದ್ದರು. ಊರಿಗೆ ಹೊಸದಾಗಿ ಬಂದವರು ಮಾತ್ರ ಈ ಹೆಂಗಸಿಗೂ ಕುದುರೆಗೂ ಏನು ನಂಟು ಎಂದು ಅವರ ಹಿತ್ತಲ ಕಡೆ ಕತ್ತು ಉದ್ದ ಮಾಡುತ್ತಿದ್ದರು. ಹಿತ್ತಲಲ್ಲಿ ಒಂದು ಬಸಳೆ ಚಪ್ಪರ, ಒಂದು ಚಕ್ಕೋತದ ಮರ ಅಷ್ಟೆ. ಕುದುರೆ ಇದ್ದದ್ದು ಚದುರಂಗದ ಮಣೆಯ ಮೇಲೆ.

ವಿಮಲಮ್ಮ ಈ ಊರಿನ ಆಸ್ಪತ್ರೆಗೆ ನರ್ಸಾಗಿ ಬಂದವರು, ರಿಟೈರಾದ ಮೇಲೂ ರಸ್ತೆ ಬದಿಯ ಅದೇ ಬಾಡಿಗೆ ಮನೆಯಲ್ಲಿ ಉಳಿದವರು. ಗಂಡ ತಿಮ್ಮಪ್ಪ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಪಾರ್ಚ್‌ಮೆಂಟ್ ಕಾಫಿಯ ತೂಕ ಎಲ್ಲ ನೋಡಿಕೊಂಡು ಸಂಜೆ ಮನೆಗೆ ಬಂದರೆ ಅವರಿಗೆ ಚದುರಂಗ ಬೇಕು. ಮಕ್ಕಳಿರಲಿಲ್ಲ. ಎದುರಿಗೆ ಕೂರಲು ಇದ್ದವರು ಹೆಂಡತಿಯೊಬ್ಬರೇ. ಹಾಗಾಗಿ ಕಲಿಸಿದರು, ಕಲಿಸಿ ದಿನಾ ಸೋಲಿಸಿದರು.

ತಿಮ್ಮಪ್ಪನವರದು ಪುಸ್ತಕದ ಆಟ. ಯಾವ ನಡೆಗೆ ಯಾವ ನಡೆ ಎಂದು ಬಾಯಿಪಾಠ. ವಿಮಲಮ್ಮನೂ ಅದನ್ನೇ ಕಲಿತು ಅದರಲ್ಲೇ ಸೋಲುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಆಗ ತಾನೆ ಆಟ ಶುರುವಾಗಿತ್ತು, ಯಾರೋ ಹೆರಿಗೆ ಎಂದು ಜೀಪು ತಂದು ನಿಲ್ಲಿಸಿದರು. ಏಳುವ ಅವಸರದಲ್ಲಿ ವಿಮಲಮ್ಮ ಕೈಗೆ ಸಿಕ್ಕ ಒಂದು ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ ಹೊರಟರು. ರಾಜನ ಪಕ್ಕದ ಒಂಟೆಯ ಮುಂದೆ ಕಾವಲಿದ್ದ ಕಾಲಾಳು ಅದು. ಈಗ ಎದುರಾಳಿ ಪುಕ್ಕಟೆ ಎತ್ತಿಕೊಳ್ಳಬಹುದಾದ ಜಾಗದಲ್ಲಿ ಹೋಗಿ ನಿಂತಿತ್ತು.

ಸಂಜೆ ಬಂದು ನೋಡಿದರೆ ತಿಮ್ಮಪ್ಪ ಅದನ್ನು ಹೊಡೆದು, ಮೀಸೆ ಸವರುತ್ತ ಕೂತಿದ್ದರು.

“ನಡೆ ವಾಪಸ್ ಬೇಕೇನೆ ವಿಮಲಾ?”

“ಬೇಡ. ಹೋದದ್ದು ಹೋಯ್ತು. ಕೂಸು, ಬಾಣಂತಿ ಇಬ್ರೂ ಚೆನ್ನಾಗಿದಾರೆ, ಅಷ್ಟು ಸಾಕು.”

ಕಾಲಾಳು ಹೋದ ಜಾಗ ಬಟಾಬಯಲಾಗಿತ್ತು. ಆ ಬಯಲಿನಲ್ಲಿ ಮೊದಲು ಕುದುರೆ ಬಂತು, ಹಿಂದೆಯೇ ಒಂಟೆ ಬಂತು, ಆನೆಗೆ ನೆಟ್ಟಗೆ ದಾರಿಯಾಯಿತು. ತಿಮ್ಮಪ್ಪ ಪುಸ್ತಕದಲ್ಲಿ ಕಲಿತದ್ದು ಯಾವುದೂ ನೆನಪಿಗೆ ಬರುವ ಮೊದಲೇ ಅವರ ರಾಜ ಮೂಲೆಗೆ ಬಿದ್ದ. ವಿಮಲಮ್ಮ ಗೆದ್ದದ್ದು ಅದೇ ಮೊದಲು.

ಆಮೇಲೆ ತಿಮ್ಮಪ್ಪ ಪುಸ್ತಕ ತಿರುವಿ ಹೇಳಿದರು: “ಇದಕ್ಕೆ ಗ್ಯಾಂಬಿಟ್ ಅಂತಾರೆ ಮಾರಾಯ್ತಿ, ಬೇಕಂತಲೇ ಕಾಯಿ ಕೊಟ್ಟು ದಾರಿ ಮಾಡ್ಕೊಳ್ಳೋದು. ಹಳೇ ಕಾಲದ್ದು. ಈಗ ದೊಡ್ಡ ಆಟಗಾರರು ಇದರ ತಂಟೆಗೆ ಹೋಗೋದು ಕಡಿಮೆ. ರಾಜನ ಪಕ್ಕದ ಗೋಡೆ ನಾವೇ ಕೆಡವಿದ ಹಾಗೆ.”

“ಗೋಡೆ ಬಿದ್ರೆ ಗಾಳಿ ಆದ್ರೂ ಬರ್ತದಲ್ಲ” ಎಂದರು ವಿಮಲಮ್ಮ.

ಅಂದಿನಿಂದ ಅವರು ಬೇರೆ ಆಟ ಶುರು ಮಾಡಿದ್ದೇ ಇಲ್ಲ. ಪುಸ್ತಕದ ಆಟವೆಂದರೆ ಚಿಕ್ಕಮಗಳೂರಿನ ಡಾಂಬರು ರಸ್ತೆ ಇದ್ದ ಹಾಗೆ. ಬಸ್ಸಿನಲ್ಲಿ ನಿದ್ದೆ ಹೊಡೆದರೂ ಊರು ತಲುಪುತ್ತೇವೆ. ಇದು ತೋಟದ ಒಳದಾರಿ. ಇಂಬಳ ಹತ್ತಿ ರಕ್ತ ಹೀರಬಹುದು, ಕಾಲು ಜಾರಿ ನೀರು ಹರಿಯುವ ಕಪ್ಪಿಗೆ ಬೀಳಬಹುದು. ಆದರೆ ಇಬ್ಬರೂ ಕಣ್ಣು ಬಿಟ್ಟುಕೊಂಡೇ ನಡೆಯಬೇಕು, ಯಾರಿಗೂ ಯಾವನೋ ಬರೆದಿಟ್ಟ ನಡೆ ಕೈ ಹಿಡಿಯುವುದಿಲ್ಲ. ವಿಮಲಮ್ಮ ಅದರಲ್ಲಿ ಗೆದ್ದಷ್ಟೇ ಸೋತರು. ಸೋತ ದಿನವೂ ಅವರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಕಾಲಾಳನ್ನು ಮುಟ್ಟದೆ ಬಿಡಬಹುದು ಎಂಬುದು ತಿಮ್ಮಪ್ಪನವರಿಗೆ ಗೊತ್ತಿತ್ತು. ಆದರೂ ಅವರು ಪ್ರತಿ ಸಲವೂ ಹೊಡೆಯುತ್ತಿದ್ದರು. “ಕೊಟ್ಟದ್ದನ್ನ ಬೇಡ ಅಂದ್ರೆ ಅದು ಎಂಥ ಆಟ?” ಎನ್ನುತ್ತಿದ್ದರು. ಒಂದು ಕಾಫಿ ಕೊಯ್ಲಿನ ಸಮಯದಲ್ಲಿ ಎಸ್ಟೇಟಿನ ಕಣದಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಮಣೆಯ ಎದುರಿನ ಕುರ್ಚಿ ಖಾಲಿಯಾಯಿತು. ಮುಂದಿನ ಗಣೇಶನ ಹಬ್ಬಕ್ಕೆ ಯುವಕ ಸಂಘದವರು ಚದುರಂಗದ ಸ್ಪರ್ಧೆ ಇಟ್ಟರು. ವಿಮಲಮ್ಮ ಹೆಸರು ಕೊಟ್ಟದ್ದು ಬಹುಮಾನದ ಸ್ಟೀಲ್ ಡಬ್ಬಿಗಲ್ಲ, ಯಾರಾದರೂ ಎದುರಿಗೆ ಕೂತಾರು ಎಂದು. ಕೊನೆಯ ಆಟದಲ್ಲಿ ಕೂತವನು ದಿನಸಿ ಅಂಗಡಿಯ ಉಮೇಶ್. ಅವನು ಫೋನಿನಲ್ಲಿ ಆಟ ಕಲಿತವನು, ಊರಿಗೇ ಗಟ್ಟಿ ಆಟಗಾರ. ನರ್ಸಮ್ಮ ಕಾಲಾಳನ್ನು ತಂದು ಎದುರಿಗಿಟ್ಟಾಗ ಅವನು ಜನರ ಕಡೆ ತಿರುಗಿ, “ಪಾಪ, ಕಣ್ಣು ಕಾಣಲ್ಲ ಅಂತ ಕಾಣ್ತದೆ” ಎಂದು ನಕ್ಕು ಎತ್ತಿಕೊಂಡ. ಕುದುರೆ ಬಂತು. ಗಣೇಶನ ಚಪ್ಪರದ ಕೆಳಗಿದ್ದವರ ಕಾಫಿ ಆರುವ ಮೊದಲೇ ಉಮೇಶ್ ಕೈ ಚೆಲ್ಲಿದ್ದ.

ಆ ಮಾತು ಹುಟ್ಟಿದ್ದು ಅಲ್ಲೇ. ಅವಮಾನವನ್ನು ನಗೆಯಲ್ಲಿ ಮುಚ್ಚಿಕೊಳ್ಳಲು ಉಮೇಶನೇ ಹೇಳಿದ: ನರ್ಸಮ್ಮ ಕೊಟ್ರೆ ನೋಡ್ಕೊಂಡು ತಗೊಳ್ಳಿ.

ಮಾತಿಗೆ ಕಾಲು ಬಂದು ಅಂಗಡಿಯಿಂದ ಅಂಗಡಿಗೆ ನಡೆಯಿತು. ಮೊದಮೊದಲು ಯಾರೂ ಅವರೊಡನೆ ಆಡಲು ಕೂರಲಿಲ್ಲ. ಕೂತ ಒಬ್ಬಿಬ್ಬರೂ ಕಾಲಾಳನ್ನು ಮುಟ್ಟಲಿಲ್ಲ. ಆಮೇಲೆ ಮಾತು ಮಣೆ ಬಿಟ್ಟು ಕೆಳಗಿಳಿಯಿತು. ಬಸಳೆ ಕೊಟ್ಟರೆ “ಇದರ ಹಿಂದೆ ಏನ್ ಬರ್ತದೋ” ಎಂದರು. ಚಕ್ಕೋತ ಕೊಟ್ಟರೆ “ಅಯ್ಯೋ, ನಿಮಗೇ ಇರ್ಲಿ” ಎಂದರು. ತಮಾಷೆಯೇ. ಆದರೆ ತಮಾಷೆ ಮಾಡಿದವರು ಬಸಳೆಯನ್ನು ಜಗಲಿಯ ಮೇಲೇ ಬಿಟ್ಟು ಹೋದರು.

ಪಕ್ಕದ ಮನೆಯ ರುಕ್ಮಿಣಮ್ಮನಿಗೆ ಮಂಡಿ ನೋವು. ಒಂದು ಮಳೆಗಾಲವಿಡೀ ವಿಮಲಮ್ಮನೇ ಹೋಗಿ ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ ಬಂದಿದ್ದರು. ಮರುವರ್ಷ ವಿಮಲಮ್ಮನ ಕಣ್ಣಿಗೆ ಪೊರೆ ಬಂತು. ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಗಬೇಕು, ಜೊತೆಗೆ ಒಬ್ಬರಿರಬೇಕು ಅಂದಿದ್ದರು. ಅಂಗಡಿಯೆದುರು ಸಿಕ್ಕ ರುಕ್ಮಿಣಮ್ಮನನ್ನು ಕೇಳಿದರು: “ಒಂದಿನ ನನ್ ಜೊತೆ ಬರ್ತೀರಾ?”

ರುಕ್ಮಿಣಮ್ಮ ಸುತ್ತಲಿದ್ದವರನ್ನು ನೋಡಿ ಕೈ ತಟ್ಟಿದರು. “ಬಂತು ನೋಡ್ರೇ ಕುದುರೆ!”

ಎಲ್ಲರೂ ನಕ್ಕರು. ರುಕ್ಮಿಣಮ್ಮ ಕೆಟ್ಟವರಲ್ಲ, ನಕ್ಕು ಮುಗಿಸಿ “ಬರ್ತೀನಿ, ಯಾವಾಗ?” ಎಂದೂ ಕೇಳಿದರು. ವಿಮಲಮ್ಮನೂ ನಗುತ್ತ, “ಇಲ್ಲ, ಸುಮ್ನೆ ಕೇಳ್ದೆ” ಎಂದು ಮನೆಗೆ ಬಂದರು. ಆಪರೇಷನ್ನಿಗೆ ಒಬ್ಬರೇ ಹೋದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಬಸ್ಸಿನ ಕಂಡಕ್ಟರನ ಕೈ ಹಿಡಿದು ಇಳಿದರು. ಅಲ್ಲಿಂದ ಮುಂದೆ ಅವರು ಊರಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಕೊಟ್ಟದ್ದೆಲ್ಲ ಸುಳ್ಳಾಗುತ್ತದೆ ಎಂದುಕೊಂಡರೋ ಏನೋ.

ಫೋನಿನಲ್ಲಿ ಆಡಿ ನೋಡಿದರು. ಅಲ್ಲಿ ಯಾರ್ಯಾರೋ ಕಾಲಾಳನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೊಡೆಯುತ್ತಿದ್ದರು, ಸೋಲು ಕಂಡರೆ ಮಾಯವಾಗುತ್ತಿದ್ದರು. ಮುಖವಿಲ್ಲದವರಿಗೆ ಕೊಟ್ಟು ಏನು ಸುಖ? ಅದನ್ನೂ ಬಿಟ್ಟರು. ಸಂಜೆ ಮಣೆ ಹಾಸಿ, ಕಾಲಾಳನ್ನು ಮುಂದಿಟ್ಟು, ಎದುರಿನ ಕುರ್ಚಿಯನ್ನು ನೋಡುತ್ತ ಕಾಫಿ ಕುಡಿಯುವುದು ರೂಢಿಯಾಯಿತು.

ಈ ಬೇಸಿಗೆಯಲ್ಲಿ ಮನೆಯ ಮಾಲೀಕರು ಬಂದು, ಹೋಮ್‌ಸ್ಟೇ ಮಾಡಬೇಕು, ಮನೆ ಬಿಟ್ಟುಕೊಡಿ ಎಂದರು. ಕಳಸದಲ್ಲಿ ವಿಮಲಮ್ಮನ ಅಕ್ಕ ಇದ್ದರು. ಬಾ ಎಂದರು. ಚೌಕಾಬಾರ ಬಿಟ್ಟರೆ ಅಕ್ಕನಿಗೆ ಬೇರೆ ಆಟ ಬಾರದು.

ಹೊರಡುವ ದಿನ ಬೆಳಿಗ್ಗೆ ಉಮೇಶ್ ಸಾಮಾನು ತುಂಬಲು ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ತಂದುಕೊಟ್ಟ. ಎಲ್ಲ ಕಟ್ಟಿಯಾಗಿತ್ತು. ಜಗಲಿಯ ಮೇಲೆ ಮಣೆಯೊಂದು ಉಳಿದಿತ್ತು.

“ಜೀಪು ಬರೋಕೆ ಹೊತ್ತಿದೆ. ಒಂದಾಟ ಆಡ್ತೀಯೇನೋ ಉಮೇಶಾ?”

ಉಮೇಶ್ ರಸ್ತೆಯ ಆಚೆ ಈಚೆ ನೋಡಿದ. ಯಾರೂ ಇರಲಿಲ್ಲ. ಕೂತ.

ಇಬ್ಬರೂ ರಾಜನ ಮುಂದಿನ ಕಾಲಾಳನ್ನು ನಡೆಸಿದರು. ವಿಮಲಮ್ಮ ಪಕ್ಕದ ಕಾಲಾಳನ್ನು ತಂದು ಅವನೆದುರು ಇಟ್ಟರು. ಉಮೇಶ್ ಗಲ್ಲ ಕೆರೆದುಕೊಂಡ.

“ಇದರ ಹಿಂದೆ ಏನಿದೆ ನರ್ಸಮ್ಮ?”

“ಇದ್ರಲ್ಲಿ ಬಚ್ಚಿಡೋಕೆ ಜಾಗ ಎಲ್ಲಿದೆ? ಇರೋದೆಲ್ಲ ನಿನ್ ಕಣ್ಣೆದುರೇ ಇದೆ.”

ಅವನು ಮತ್ತಷ್ಟು ಹೊತ್ತು ನೋಡಿದ. ಆಮೇಲೆ, “ತಗೋತೀನಿ ಬಿಡಿ. ಹೆಂಗೂ ಹೊರಟಿದೀರಲ್ಲ, ಸೋತ್ರೂ ಊರಿಗೆ ಗೊತ್ತಾಗಲ್ಲ” ಎಂದು ಕಾಲಾಳನ್ನು ಎತ್ತಿ ತನ್ನ ತೊಡೆಯ ಪಕ್ಕ ಇಟ್ಟುಕೊಂಡ.

ವಿಮಲಮ್ಮ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ವರ್ಷಗಳ ಅಭ್ಯಾಸಕ್ಕೆ ಕೈ ತಾನಾಗಿ ಕುದುರೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಕುದುರೆಯನ್ನು ಬಿಟ್ಟು ಒಂಟೆಯನ್ನು ಓರೆಯಾಗಿ ಮುಂದೆ ಸರಿಸಿದರು.

ಉಮೇಶ್ ಬೆಚ್ಚಿದ. “ಕುದುರೆ ಬರಲ್ವಾ?”

“ಇವತ್ತು ಕಟ್ಟಿ ಹಾಕಿದೀನಿ.”

“ಹಾಗಾದ್ರೆ ನನ್ ಮಂತ್ರಿ ಬಂದು ಚೆಕ್ ಕೊಡ್ತದಲ್ರೀ!”

“ಕೊಡಪ್ಪ. ಅದನ್ನೂ ಕೇಳಿ ಕೊಡ್ತಾರಾ?”

ಕೊಟ್ಟ. ರಾಜ ಜಾಗ ಬಿಟ್ಟು ಏಳಬೇಕಾಯಿತು. ಒಮ್ಮೆ ಎದ್ದ ರಾಜ ಮತ್ತೆ ಕೋಟೆ ಕಟ್ಟಿಕೊಳ್ಳುವ ಹಾಗಿಲ್ಲ. ವಿಮಲಮ್ಮ ಅವನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ, “ಇನ್ನು ನೋಡು, ಆಟ ಈಗ ಶುರು” ಎಂದರು. ಅವರ ದನಿ ಹಾಗೆ ಎದ್ದದ್ದನ್ನು ಉಮೇಶ್ ಹಿಂದೆ ಕೇಳಿರಲಿಲ್ಲ.

ಅಷ್ಟರಲ್ಲಿ ಕಳಸದ ಬಸ್ಸು ಸಿಗುವ ಆಲ್ದೂರಿಗೆ ಹೋಗುವ ಜೀಪು ಹಾರ್ನ್ ಹೊಡೆಯಿತು.

ಉಮೇಶ್ ಪೆಟ್ಟಿಗೆಗಳನ್ನು ಜೀಪಿಗೆ ಏರಿಸಿದ. ವಿಮಲಮ್ಮ ಕಾಯಿಗಳನ್ನು ಚೀಲಕ್ಕೆ ತುಂಬಿ ಮಣೆ ಮಡಿಸಿದರು. ಅವನು ಆ ಕಾಲಾಳನ್ನು ಮುಂದೆ ಹಿಡಿದ.

“ನಿಮ್ದು ಇಲ್ಲೇ ಉಳೀತು.”

“ಅದು ನಿಂದು. ತಗೊಂಡಿದೀಯಲ್ಲ.”

“ಅಯ್ಯೋ, ಒಂದು ಕಾಯಿ ಕಮ್ಮಿ ಆದ್ರೆ ಅಲ್ಲಿ ಹೆಂಗೆ ಆಡ್ತೀರಿ?”

“ಒಂದು ಕಾಫಿ ಬೀಜ ಇಟ್ಕೊಂಡ್ರಾಯ್ತು.”

ಉಮೇಶ್ ಕಾಲಾಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ವಿಮಲಮ್ಮ ಬಾಗಿಲು ಎಳೆದು ಬೀಗ ಹಾಕಿ, ಮಾಲೀಕರಿಗೆ ಕೊಡು ಎಂದು ಕೀಲಿಯನ್ನು ಅವನ ಕೈಗಿಟ್ಟರು. ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿಯಿಂದ ಇಳಿದು, ಬಸಳೆ ಚಪ್ಪರದ ಕಡೆ ಒಮ್ಮೆ ನೋಡಿ, ಜೀಪಿನತ್ತ ನಡೆದರು.