ಸೊನ್ನೆಯ ಮೇಲೆ ಕೂರದ ಸ್ಕೇಲು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಹುಣಸೂರಿನ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕನಾಗಿದ್ದೆ. ಪಕ್ಕದ ಕುರ್ಚಿ ಫಿಸಿಕ್ಸಿನ ರಹಮತ್ ಅವರದು. ಹದಿನೈದು ವರ್ಷ ಒಂದೇ ಫ್ಲಾಸ್ಕಿನ ಟೀ ಕುಡಿದವರು ನಾವು. ಹೋದ ತಿಂಗಳು ಅವರು ತೀರಿಕೊಂಡರು. ಆಗಿನಿಂದ ಆ ಮಧ್ಯಾಹ್ನವೊಂದೇ ನೆನಪಾಗುತ್ತಿದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ f(x) = 3x^(2/3) − 2x ಎಂಬ ಫಂಕ್ಷನ್ನಿನ ಕ್ರಿಟಿಕಲ್ ನಂಬರ್ ಕೇಳಿದ್ದೆ. ಗ್ರಾಫ್ ತಿರುಗಬಹುದಾದ ಜಾಗವನ್ನು ಅದು ತೋರಿಸುತ್ತದೆ. ಡೆರಿವೇಟಿವ್, ಅಂದರೆ ಆ ಜಾಗದ ಇಳಿಜಾರು, ಸೊನ್ನೆಯಾಗುವ ಕಡೆ ಒಂದು. ಮೊನೆಯಂತೆ ಚೂಪಾಗಿ, ಇಳಿಜಾರು ಇಷ್ಟೆಂದು ಹೇಳಲೇ ಆಗದ ಕಡೆ ಇನ್ನೊಂದು. ಪರೀಕ್ಷೆಗೆ ಬೇಕಾಗುವುದಿಲ್ಲವೆಂದು ನಾನು ಎರಡನೆಯದನ್ನು ಪಾಠದಲ್ಲಿ ಎಂದೂ ಹೇಳುತ್ತಿರಲಿಲ್ಲ. "f′ ಸೊನ್ನೆ ಮಾಡಿ, x ಬಿಡಿಸಿ" ಅಷ್ಟೆ. ನನ್ನ ಉತ್ತರ 1.

ಕಟ್ಟೆಮಳಲವಾಡಿಯ ಕಾವ್ಯ 0 ಮತ್ತು 1 ಎಂದು ಬರೆದಿದ್ದಳು. ನಾನು ಹೇಳಿಕೊಡದ್ದು ಇವಳಿಗೆ ಎಲ್ಲಿಂದ ಬಂತು? ಕಾಪಿ ಹೊಡೆದಿದ್ದಾಳೆ, ಹಾಲ್ ಟಿಕೆಟ್ ತಡೆಯಿರಿ ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆದೆ.

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ರಹಮತ್ ಅವಳ ಉತ್ತರಪತ್ರಿಕೆ ನೋಡಿದರು. "ಹುಡುಗಿ ಬರೆದಿರೋದು ಸರಿ ಐತೆ ಕಣ್ರೀ. ಪುಸ್ತಕ ಓದವ್ಳೆ. ತಪ್ಪಿರೋದು ನಿಮ್ಮ ಕೀ ಉತ್ತರ."

ಎಲ್ಲರೂ ತಿರುಗಿ ನೋಡಿದರು. ನನಗೆ ಮೈ ಉರಿಯಿತು.

"ನಿಮ್ಮ ಲ್ಯಾಬು ನೀವು ನೋಡ್ಕಳ್ರೀ ಸಾಬರೇ. ಗಣಿತಕ್ಕೆ ಕೈ ಹಾಕ್ಬೇಡಿ."

ಅಷ್ಟು ವರ್ಷಗಳಲ್ಲಿ ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಯಾರೋ ನಕ್ಕರು. ರಹಮತ್ ನಗಲಿಲ್ಲ.

"−1 ಹಾಕಿ, 5 ಬತ್ತದೆ. 0 ಹಾಕಿದ್ರೆ 0. 1 ಹಾಕಿದ್ರೆ 1. ಇಳಿದದ್ದು ಮತ್ತೆ ಏರೈತೆ. ನಿಮ್ಮ ಕೀನಲ್ಲಿ ಆ ತಿರುವು ಎಲ್ಲೈತೆ?"

ಗ್ರಾಫ್ ಬರೆದು, ಸೊನ್ನೆಯ ಬಳಿಯ ಚೂಪಿನ ಮೇಲೆ ಸ್ಟೀಲ್ ಸ್ಕೇಲು ಇಟ್ಟರು. ಅವರ ತಂದೆ ಮರಗೆಲಸದವರು. "ನುಣುಪಾಗಿದ್ರೆ ಸ್ಕೇಲು ಒಂದೇ ಕಡೆ ವಾಲಿ ಕೂರ್ತದೆ. ಮೊನೆ ಮೇಲೆ ಕೂರಲ್ಲ. ಕೂರಲ್ಲ ಅಂತ ಮೊನೆನೇ ಇಲ್ಲ ಅಂದ್ಬುಟ್ರೆ ಹೆಂಗೆ?"

ಮರುದಿನ ಪ್ರಿನ್ಸಿಪಾಲರಿಂದ ಪತ್ರ ವಾಪಸು ಪಡೆದು ಹರಿದೆ. ಕಾವ್ಯಳಿಗೆ ಪೂರ್ತಿ ಅಂಕ ಕೊಟ್ಟೆ, ತಪ್ಪು ನನ್ನದೆಂದು ತರಗತಿಯಲ್ಲೇ ಹೇಳಿದೆ. ಅವಳು ವಾರ್ಷಿಕ ಪರೀಕ್ಷೆ ಬರೆದಳು, ಪಾಸಾದಳು.

ಅಷ್ಟರಲ್ಲಿ ರಹಮತ್ ಕುರ್ಚಿಯನ್ನು ಲ್ಯಾಬಿಗೆ ಒಯ್ದಿದ್ದರು. ಎರಡು ವರ್ಷ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ "ನಮಸ್ಕಾರ ಸಾರ್" ಎಂದು ಅವರೇ ಮೊದಲು ಹೇಳುತ್ತಿದ್ದರು. ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಅವರ ಮಣ್ಣಿಗೆ ಹೋಗಿದ್ದೆ. ಮೂರು ಹಿಡಿ ಹಾಕಿ ಬಂದೆ.

ಕೈಗೆ ಸುಲಭವಾಗಿ ಬರುವ ಉತ್ತರ ಬರೆದು ಲೆಕ್ಕ ಮುಗಿಯಿತೆನ್ನಬಾರದು, ಬಿಟ್ಟ ಜಾಗಕ್ಕೆ ಮತ್ತೆ ಹೋಗಿ ನೋಡಬೇಕು. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು. ಹುಡುಗಿಯ ಮುಂದೆ ತಪ್ಪು ಒಪ್ಪುವುದು ಸುಲಭವಿತ್ತು, ಒಪ್ಪಿದೆ. ಲ್ಯಾಬಿನ ಬಾಗಿಲು ಇದ್ದದ್ದು ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ.