ಎರಡು ಕಡೆ ಕೊಯ್ದ ಮೆಟ್ಟಿಲು

ನಾದಿನಿಯಾದವಳು ಅತ್ತಿಗೆಯನ್ನು ಹೊಗಳಿದರೆ ಇದರಲ್ಲೇನೋ ಮಸಲತ್ತಿದೆ ಎಂದು ಜನ ಮೂಗು ಮುರಿಯುತ್ತಾರೆ. ಮುರಿಯಲಿ. ನನ್ನ ಅತ್ತಿಗೆಯ ಬಗ್ಗೆ ನನಗೆ ಹೆಮ್ಮೆ, ಅದನ್ನು ಮುಚ್ಚಿಡುವ ದರ್ದು ನನಗಿಲ್ಲ.

ಮೆಟ್ಟಿಲು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ದುಡಿಯುತ್ತೇವೆ. ಅವಳು ನಕ್ಷೆ ಬರೆಯುತ್ತಾಳೆ, ನಾನು ಮರಕ್ಕೆ ಪಾಲಿಶ್ ಹಚ್ಚುತ್ತೇನೆ. ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಕೆಟ್ಟ ಜ್ವರ ಬಂದು ಅವಳಿಗೆ ಎರಡೂ ಕಿವಿ ಕೇಳದಂತಾಯಿತು. ಬಾಯಿ ಮಾತ್ರ ಮೊದಲಿಗಿಂತ ಜೋರಾಯಿತು, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇ ತಿಳಿಯದಲ್ಲ!

ನಮ್ಮ ಕಾರ್ಖಾನೆ ನಡೆಯುತ್ತಿದ್ದುದೇ ಕಿವಿಯ ಮೇಲೆ. ಕಟ್ಟಡದ ಜಾಗದಿಂದ ಯಜಮಾನರಿಗೆ ಫೋನು ಬರುವುದು, ಅವರು ಗರಗಸದ ಸದ್ದಿನ ನಡುವೆ ಬಡಗಿಗೆ ಕೂಗಿ ಹೇಳುವುದು, ಇಲ್ಲವೇ ಊರಾಚೆಯ ಶೆಡ್ಡಿನಲ್ಲಿರುವ ಕಮ್ಮಾರನಿಗೆ ಫೋನು ಮಾಡುವುದು. ನಕ್ಷೆ ಬರೆದವಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮೆಟ್ಟಿಲು ಲಾರಿ ಹತ್ತಿರುತ್ತಿತ್ತು. ನಾನು ಅಂಟು ಕೈ ಒರೆಸಿಕೊಂಡು ಓಡಿಹೋಗಿ ಮರದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ತೋರಿಸುತ್ತಿದ್ದೆ. ಅರ್ಧ ಗಂಟೆಯ ಜಗಳವನ್ನು ಒಂದು ಚೂರು ಮರದ ಮೇಲೆ ಹಿಡಿಸುವುದು ಹೇಗೆ? "ಏನೋ ಬದಲಾಯ್ತಂತೆ" ಎಂದು ಬರೆದರೆ, "ಆ ಏನೋ ಅಂದ್ರೆ ಏನು?" ಎಂದು ಗದರುತ್ತಿದ್ದಳು.

ಆಮೇಲೆ ಬಂತು ಎಲ್ಲರೂ ಒಟ್ಟಿಗೆ ನೋಡುವ ನಕ್ಷೆ. ಅವಳೇ ಹಟ ಹಿಡಿದು ತರಿಸಿದ್ದು. ಅವಳು ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಬಡಗಿಯ ಮೊಬೈಲಿನಲ್ಲೂ ಕಮ್ಮಾರನ ಮೊಬೈಲಿನಲ್ಲೂ ಅದೇ ಗೆರೆ. ಹೇಳುವುದೇನಿದ್ದರೂ ಆ ಗೆರೆಯ ಪಕ್ಕದಲ್ಲೇ ಬರೆಯಬೇಕು. ಬಡಗಿ ಮೊದಮೊದಲು ಮುಖ ಗಂಟಿಕ್ಕಿದ. ಹೊಟ್ಟು ಮೆತ್ತಿದ ಬೆರಳನ್ನು ಮೊಬೈಲು ಗುರುತಿಸುವುದಿಲ್ಲ ಎಂಬುದು ಅವನ ನೆಪ. ತಿಂಗಳೊಪ್ಪತ್ತಿನಲ್ಲಿ ಅವನೇ, "ಅಕ್ಕಾ, ಈ ತಿರುವು ಬರೆದು ಯಾವ ಜನ್ಮದ ಸೇಡು ತೀರಿಸ್ಕೋತಿದೀರಿ?" ಎಂದು ಬರೆಯತೊಡಗಿದ. ಕಮ್ಮಾರ ಬಾಯಲ್ಲೂ "ಹೂಂ", ಬರಹದಲ್ಲೂ "ಹೂಂ". ಅತ್ತಿಗೆ ಪರದೆ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದಳು. ಕಾರ್ಖಾನೆಯ ತಮಾಷೆ ಬಿಸಿಬಿಸಿಯಾಗಿ ಅವಳ ಪಾಲಿಗೆ ಬಂದದ್ದು ಅದೇ ಮೊದಲು. ನನ್ನ ದುಭಾಷಿ ಕೆಲಸಕ್ಕೆ ಕಲ್ಲು ಬಿತ್ತು. ಸ್ವಲ್ಪ ಹೊಟ್ಟೆ ಉರಿಯಿತು ಎಂದರೂ ಸುಳ್ಳಲ್ಲ.

ಅಷ್ಟರಲ್ಲಿ ವಾಚನಾಲಯವೊಂದರ ಮೆಟ್ಟಿಲಿನ ಕೆಲಸ ಸಿಕ್ಕಿತು. ಮರದ ಮೆಟ್ಟಿಲು, ಅದನ್ನು ಹೊರಲು ಕೆಳಗೆ ಕಬ್ಬಿಣದ ಕಾಲುಗಳು. ನೆಲಕ್ಕೆ ಕಲ್ಲು ಹಾಸಿದವರು, ನೆಲ ಎರಡು ಬೆರಳಿನಷ್ಟು ಮೇಲೆ ಬಂದಿದೆ ಎಂದು ನಕ್ಷೆಯ ಪಕ್ಕ ಬರೆದರು. ಅಂದರೆ ಮೆಟ್ಟಿಲು ಅಷ್ಟು ತಗ್ಗಬೇಕು. ಹಿಂದಾದರೆ ಯಜಮಾನರು ಒಬ್ಬನಿಗೆ ಫೋನು ಮಾಡುತ್ತಿದ್ದರು, ಅವನು ಕೊಯ್ಯುತ್ತಿದ್ದ, ಇನ್ನೊಬ್ಬನಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಬಡಗಿ, ಕಮ್ಮಾರ ಇಬ್ಬರೂ ಓದಿದರು. ಅವರೋ ಹಳೆಯ ಸ್ನೇಹಿತರು, ಒಬ್ಬರ ಎಡವಟ್ಟನ್ನು ಇನ್ನೊಬ್ಬರು ತುಟಿಪಿಟಕ್ಕೆನ್ನದೆ ಸರಿಮಾಡಿ ರೂಢಿಯಾದವರು. ಪಾಪ, ಅವನಿಗೇಕೆ ತೊಂದರೆ ಎಂದು ಬಡಗಿ ಮರ ಕೊಯ್ದ. ಪಾಪ, ಇವನಿಗೇಕೆ ತೊಂದರೆ ಎಂದು ಕಮ್ಮಾರ ಕಾಲು ಕೊಯ್ದ. "ಯಾರು ಕೊಯ್ತೀರಿ?" ಎಂದು ಅತ್ತಿಗೆ ಕೇಳಿದಾಗ ಕಮ್ಮಾರನ "ಹೂಂ" ಬಂತು. ಸರಿ, ಅವನೇ ಕೊಯ್ಯುತ್ತಾನೆ ಎಂದುಕೊಂಡಳು. ಬಡಗಿ ಮೊಬೈಲನ್ನು ಆಗಲೇ ಜೇಬಿಗೆ ಇಳಿಸಿದ್ದ, ಆ ಪ್ರಶ್ನೆ ನೋಡಲೇ ಇಲ್ಲ.

ಮೆಟ್ಟಿಲು ಎತ್ತಿ ನಿಲ್ಲಿಸಿದರೆ ಮೇಲಿನ ಮಹಡಿಗೆ ಎರಡು ಬೆರಳಿನಷ್ಟು ಕಡಿಮೆ ಬಿತ್ತು.

ಮರುದಿನ ಬೆಳಿಗ್ಗೆ ಯಜಮಾನರು ಯಂತ್ರ ನಿಲ್ಲಿಸಿ ಎಲ್ಲರನ್ನೂ ಕರೆದರು. ಕಮ್ಮಾರನೂ ಬಂದ. "ಸಾಕು ಈ ಬರೆಯೋ ಆಟ. ಇವತ್ತಿಂದ ಎಲ್ರೂ ನಂಗೆ ಫೋನ್ ಮಾಡಿ, ಏನ್ ಮಾಡ್ಬೇಕು ನಾನೇ ಹೇಳ್ತೀನಿ" ಎಂದರು. ನಾನು ಅದನ್ನು ಅತ್ತಿಗೆಗೆ ಬರೆದು ತೋರಿಸಿದೆ. ಅವಳ ಮುಖ ಕಪ್ಪಿಟ್ಟಿತು. ಮತ್ತೆ ಫೋನೆಂದರೆ ಅವಳು ಮತ್ತೆ ಬಾಗಿಲಾಚೆ.

ಅವಳು ಎದ್ದು ನಿಂತಳು. "ಸಾರ್, ನಕ್ಷೆ ತಪ್ಪಿಲ್ಲ. ಹೇಳ್ದೆ ಕೇಳ್ದೆ ಕೊಯ್ದಿದ್ದು ತಪ್ಪು. ಇನ್ಮೇಲೆ ಕೊಯ್ಯೋರು ಮೊದಲು 'ನಾನು ಕೊಯ್ತೀನಿ' ಅಂತ ಬರೀಲಿ. ಇನ್ನೊಬ್ರು ಸರಿ ಅನ್ನೋವರೆಗೂ ಗರಗಸ ಮುಟ್ಟೋದು ಬೇಡ. ಮುಂದಿನ ಮೆಟ್ಟಿಲೂ ಕೆಟ್ರೆ ನಾನೇ ಕಂಪ್ಯೂಟರ್ ಮುಚ್ಚಿ ಹೋಗ್ತೀನಿ." ಅವಳ ದನಿಗೆ ತಗಡಿನ ಮಾಡು ನಡುಗಿತು.

ಬಡಗಿ ತಲೆ ತಗ್ಗಿಸಿದ್ದ. ಬೆರಳನ್ನು ಅಂಗಿಗೆ ಚೆನ್ನಾಗಿ ಒರೆಸಿ ಮೊಬೈಲು ತೆಗೆದ. ಎಲ್ಲರ ಮೊಬೈಲುಗಳೂ ಟಿಂಗ್ ಎಂದವು. "ಮರ ನಾನು ಕೊಯ್ದೆ. ಬರೀಬೇಕಿತ್ತು. ಅಕ್ಕ ಹೇಳೋದು ಸರಿ." ಹಿಂದೆಯೇ ಕಮ್ಮಾರನ ಉತ್ತರ: "ಕಾಲು ನಾನು. ಹೊಸಾವು ಮಾಡ್ಕೊಡ್ತೀನಿ. ಫೋನ್ ಬೇಡ, ಇದೇ ಇರ್ಲಿ." ಅವನು ಅಷ್ಟು ಮಾತು ಆಡಿದ್ದನ್ನು ಹೆಂಡತಿಯೂ ಕಂಡಿರಲಿಕ್ಕಿಲ್ಲ.

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅತ್ತಿಗೆಯ ಕಡೆ ನೋಡಿ ಬಾಯಿ ಮುಚ್ಚಿದರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ಮೊಬೈಲುಗಳು ಮತ್ತೆ ಟಿಂಗ್ ಎಂದವು.

"ಆಯ್ತು. ಇನ್ಮೇಲೆ ಮೊದಲು ಇಲ್ಲಿ ಬರೆಯೋದು, ಆಮೇಲೆ ಕೊಯ್ಯೋದು. ನಮ್ಮ ನಕ್ಷೆ ಅಕ್ಕ ಹೂಂ ಅನ್ನದೆ ಏನೂ ಕಾರ್ಖಾನೆ ಬಿಟ್ಟು ಹೋಗಲ್ಲ."

ನಾನು ಹಳೆಯ ಚಾಳಿಯಂತೆ ಅವಳಿಗೆ ತಿಳಿಸಲು ಓಡಿದೆ. ಅವಳು ಆಗಲೇ ಪರದೆಯಲ್ಲಿ ಓದಿ ಮುಗಿಸಿದ್ದಳು, ಕಣ್ಣು ತುಂಬಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಸುದ್ದಿ ಈಗ ಬಂತಾ?" ಎಂದಳು.