ಬಿಸ್ಕಿಟ್ ವಿರುದ್ಧ ಮರ್ವ್ ಟ್ರೆಜೀಸ್

ನೆರಿಡಾ ಹಾಕಿಂಗ್ ಮೊದಲ ಸಲ ಮರ್ವ್ ಟ್ರೆಜೀಸ್‌ನನ್ನು ಕಂಡದ್ದು ಪರ್ತ್ ಕಚೇರಿಯ ಚಹಾ ಕೋಣೆಯಲ್ಲಿ. ಕೆಲಸಕ್ಕೆ ಸೇರಿದ ದಿನವೆಂದು ಅವಳು ಬಿಳಿ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ಚಡ್ಡಿ ತೊಟ್ಟು, ಕಾಲುಚೀಲವನ್ನು ಮೊಣಕಾಲವರೆಗೆ ಎಳೆದುಕೊಂಡಿದ್ದ ಮುದುಕನೊಬ್ಬ ಕಿಟಕಿಯ ಬಳಿ ನಿಂತು, ಮನೆಯಲ್ಲೇ ಮಾಡಿದ ಶುಂಠಿ ಬಿಯರಿನ ಸೀಸೆಯೊಡನೆ ಗುದ್ದಾಡುತ್ತಿದ್ದ. ಮುಚ್ಚಳ ಸೂರಿಗೆ ಹಾರಿತು. ಬಿಯರು ಅವಳ ಅಂಗಿಗೆ ಹಾರಿತು.

"ಒತ್ತಡದ ಅಂದಾಜು ಸ್ವಲ್ಪ ತಪ್ಪಿತು," ಎಂದ ಅವನು, ಅಂಗಿಯನ್ನಲ್ಲ, ಸೀಸೆಯನ್ನು ನೋಡುತ್ತ.

"ಇಲ್ಲಿ ನಿಮ್ಮ ಕೆಲಸ ಏನು?"

"ಒತ್ತಡ ಅಂದಾಜು ಮಾಡೋದು."

ಕಡಲ ತಳದಡಿ ಅನಿಲ ಎಲ್ಲಿ ಅಡಗಿರಬಹುದೆಂದು ಮರ್ವ್ ಹುಡುಕುತ್ತಿದ್ದ. ಕಂಡ ಜಾಗಗಳಿಗೆಲ್ಲ ತಾನು ಸಾಕಿದ ನಾಯಿಗಳ ಹೆಸರಿಡುತ್ತಿದ್ದ. ಕೊರೆದಾಗಲೆಲ್ಲ ಉಪ್ಪುನೀರು ಬಂದಿತ್ತು.

"ಒಂದು ಬೆಕ್ಕು ಸಾಕಿ ನೋಡು ಮರ್ವ್," ಎನ್ನುತ್ತಿದ್ದಳು ಮುಖ್ಯಸ್ಥೆ ಗ್ಲೆನಿಸ್.

ಕೊರೆಯದೆ ಉಳಿದದ್ದು, ಈಗ ಮನೆಯಲ್ಲಿರುವ ನಾಯಿಯ ಹೆಸರು ಹೊತ್ತ ಬಿಸ್ಕಿಟ್ ಒಂದೇ. ವರ್ಷದ ಕೊನೆಗೆ ಮರ್ವ್‌ಗೆ ನಿವೃತ್ತಿ. ಹೋಗುವ ಮೊದಲು ಒಂದು ಬಾವಿಯಲ್ಲಾದರೂ ಅನಿಲ ಕಾಣಬೇಕೆಂಬ ಆಸೆ ಅವನದು.

ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ಕೊರೆಯುವ ಮೊದಲು, ಜಾಗ ಕಂಡುಹಿಡಿದವನೇ ಅದರ ವಿರುದ್ಧ ವಾದಿಸಬೇಕು, ಪರವಾಗಿ ಬೇರೊಬ್ಬರು. ತಮ್ಮ ಜಾಗಕ್ಕೆ ಎಲ್ಲರೂ ಹೂವಿನಲ್ಲಿ ಹೊಡೆದಂತೆ ಹೊಡೆದು ಕೂತುಬಿಡುತ್ತಿದ್ದರು. ಬಿಸ್ಕಿಟ್ ಪರ ನಿಲ್ಲುವ ಸರದಿ ನೆರಿಡಾಳದು.

"ಮೇಲಿನ ಜೇಡಿಕಲ್ಲಿನ ಮುಚ್ಚಳ ದಪ್ಪಗಿದೆ," ಎಂದು ಅವಳು ಶುರುಮಾಡಿದಳು. "ಅನಿಲ ಸೋರೋ ಭಯ ಇಲ್ಲ."

ಮರ್ವ್ ಎದ್ದು ನಿಂತ. ಹೂವು ಕೈಯಲ್ಲಿದ್ದಂತೆ ಕಾಣಲಿಲ್ಲ.

"ದಪ್ಪ ಇದ್ದರೇನು ಮಾರಾಯ್ತಿ? ಪರೀಕ್ಷೆಗೆ ನಾವು ಕಳಿಸಿದ ಶಬ್ದ ಆ ಕಲ್ಲಿನಲ್ಲಿ ಎಷ್ಟು ನಿಧಾನ ಹೋಗಿದೆ ನೋಡು. ಅಂದರೆ ನೀರು ಹೊರಗೆ ಹೋಗೋಕೆ ದಾರಿಯಿಲ್ಲದೆ ಒಳಗೇ ಸಿಕ್ಕಿಕೊಂಡಿದೆ. ಆ ನೀರೇ ಮುಚ್ಚಳ ಸೀಳೋ ಹಾಗೆ ಒತ್ತುತ್ತಿದೆ. ಅನಿಲ ಬೇರೆ ಸೇರಿದರೆ ಮುಚ್ಚಳ ತಡೆಯುತ್ತಾ? ಎಂದೋ ಸೋರಿ ಹೋಗಿದೆ. ಇನ್ನು ಕೊರೆಯೋವಾಗ ಒತ್ತಡ ತಡೆಯೋಕೆ ಭಾರದ ಕೆಸರು ತುಂಬಿದರೆ, ಬಂಡೆ ಒಡೆದು ಕೆಸರೂ ಹೋಯ್ತು, ಬಾವಿನೂ ಹೋಯ್ತು."

"ಪಕ್ಕದ ಬಾವಿಯಲ್ಲಿ ಒತ್ತಡ ಕಮ್ಮಿ ಇತ್ತಲ್ಲ?"

"ನಡುವೆ ದೊಡ್ಡ ಬಿರುಕಿದೆ. ಅಲ್ಲಿಯ ಒತ್ತಡಾನೇ ಇಲ್ಲಿಗೂ ಲೆಕ್ಕ ಹಿಡಿದದ್ದು, ಪಕ್ಕದ ಮನೆಯವರ ನಾಡಿ ನೋಡಿ ನಮಗೆ ಕಷಾಯ ಕುಡಿಸಿದ ಹಾಗೆ."

"ಹಾಗೆ ಹಿಡಿದ ಜಾಣ ಯಾರು?" ಎಂದಳು ಗ್ಲೆನಿಸ್.

"ಒಬ್ಬ ಮುದುಕ. ನಾಯಿ ಮೇಲೆ ಪ್ರೀತಿ ಜಾಸ್ತಿ ಅವನಿಗೆ."

ಯಾರೂ ನಗಲಿಲ್ಲ. ನೆರಿಡಾ ತನ್ನ ಟಿಪ್ಪಣಿಗಳನ್ನು ಮಡಚಿಟ್ಟಳು.

"ಅಂತೂ ಒಂದು ಸಲ ಗೆದ್ದೆ ಮರ್ವ್," ಎಂದಳು ಗ್ಲೆನಿಸ್ ಮೆಲ್ಲಗೆ. "ಅದೂ ನಿನ್ನ ಮೇಲೇ. ಕೊರೆಯೋ ರಿಗ್ಗು ಬೇರೆ ಕಡೆ ಹೋಗಲಿ."

ಆಮೇಲೆ ಚಹಾ ಕೋಣೆಯಲ್ಲಿ ನೆರಿಡಾ ಶುಂಠಿ ಬಿಯರಿನ ಸೀಸೆಯನ್ನು ಮಾರುದೂರ ಹಿಡಿದು, ಮುಖ ತಿರುಗಿಸಿ ಮುಚ್ಚಳ ತೆಗೆದಳು. ಏನೂ ಹಾರಲಿಲ್ಲ.

"ಅದೂ ಸೋರಿದೆ," ಎಂದ ಮರ್ವ್, ಲೋಟ ಚಾಚುತ್ತ. "ಮನೆಗೆ ಬಂದರೆ ಬಿಸ್ಕಿಟ್ ಎದುರಿಗೆ ಈ ವಿಷಯ ಎತ್ತಬೇಡ."

ಮರ್ವ್ ನಿವೃತ್ತನಾಗಿದ್ದಾನೆ. ಈಗ ವಾರಕ್ಕೆರಡು ದಿನ ಕಚೇರಿಗೆ ಬಂದು, ಬೇರೆಯವರು ಕಂಡುಹಿಡಿದ ಜಾಗಗಳ ವಿರುದ್ಧ ವಾದಿಸುತ್ತಾನೆ.